ಪಿಕಪ್ ಗಾಡಿಯ ಡಿಸ್ಕ್ ಬ್ರೇಕ್: ಒಳಗಿನ ಪ್ಯಾಡನ್ನೂ ನೋಡಿ

ಬೊಲೆರೊ ಪಿಕಪ್‌ನಂಥ ಗಾಡಿಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುತ್ತದೆ. ಹಾಗಾಗಿ ಜಾಸ್ತಿ ಕೆಲಸ ಮುಂದಿನ ಪ್ಯಾಡ್‌ಗಳದ್ದೇ, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬಿಲ್ಲೆಗಳದ್ದು.

ಮೊದಲು ಬಿಸಿಯ ಲೆಕ್ಕ ನೋಡೋಣ. ಲೋಡ್ ಸೇರಿ 3000 ಕೆ.ಜಿ. ತೂಗುವ ಗಾಡಿ ಶಿರಾಡಿ ಘಾಟಿಯಲ್ಲಿ 500 ಮೀಟರ್ ಕೆಳಗಿಳಿಯಿತು ಅಂದುಕೊಳ್ಳಿ. 3000 × 9.8 × 500, ಅಂದರೆ ಸುಮಾರು 1.5 ಕೋಟಿ ಜೂಲ್. ಅಷ್ಟು ಶಕ್ತಿಯಲ್ಲಿ 50 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ! ಗೇರ್‌ನಲ್ಲಿ ಇಳಿದರೆ ಅದರಲ್ಲಿ ಒಳ್ಳೆಯ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಬಹುಪಾಲು ಬಿಸಿ ಬ್ರೇಕ್ ಪಾಲಿಗೆ. ಪ್ಯಾಡ್ ಅತಿಯಾಗಿ ಕಾದರೆ ಹಿಡಿತ ಬಿಡುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ.

ಪ್ಯಾಡ್ ನೋಡಲು ಮುಂದಿನ ಚಕ್ರ ಬಿಚ್ಚುವ ಮುಂಚೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಜಾಕಿ ಏರಿಸಿದ ಮೇಲೆ ಸ್ಟ್ಯಾಂಡ್ ಇಡಲೇಬೇಕು. ಬಿಚ್ಚಿದ ಕ್ಯಾಲಿಪರನ್ನು (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬ್ರೇಕ್ ಆಯಿಲ್ ಹೋಸ್ ಮೇಲೆ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಒರೆಸಿ.

ಈಗ ಮುಖ್ಯ ವಿಷಯ. ಚಕ್ರದ ಸಂದಿಯಿಂದ ಬಗ್ಗಿ ನೋಡಿದರೆ ಕಾಣುವುದು ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಮಾತ್ರ. ಅದು ದಪ್ಪ ಇದೆ ಅಂತ ಸುಮ್ನೆ ಬಿಟ್ಟರೆ ಮೋಸ ಹೋಗುತ್ತೀರಿ. ಎರಡನ್ನೂ ಹೊರತೆಗೆದು ಅಕ್ಕಪಕ್ಕ ಇಡಿ. ಇಂಥ ಗಾಡಿಗಳ ಕ್ಯಾಲಿಪರ್‌ನಲ್ಲಿ ಆಯಿಲ್ ಒತ್ತಡಕ್ಕೆ ಮುಂದೆ ಬರುವ ಪಿಸ್ಟನ್ ಒಳಗಿನ ಪ್ಯಾಡನ್ನು ನೇರವಾಗಿ ತಳ್ಳುತ್ತದೆ. ಆಮೇಲೆ ಕ್ಯಾಲಿಪರ್ ಪಿನ್‌ಗಳ ಮೇಲೆ ಜಾರಿ ಹೊರಗಿನದನ್ನು ಎಳೆದು ಒತ್ತುತ್ತದೆ. ಪಿನ್ ತುಕ್ಕು ಹಿಡಿದು ಜಾಮ್ ಆದರೆ ಒಳಗಿನದು ಒಂದೇ ಸವೆಯುತ್ತಾ ಹೋಗುತ್ತದೆ. ಪಿಸ್ಟನ್ ಸಿಕ್ಕಿಕೊಂಡು ಹಿಂದೆ ಸರಿಯದಿದ್ದರೂ ಅದೇ ಕಥೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ಜಾಸ್ತಿ ಸವೆದು ಓರೆಯಾಗಿದ್ದರೆ, ಎರಡರಲ್ಲಿ ಒಂದು ಪಿನ್ ಬಿಗಿದಿರಬಹುದು. ಕೈಯಲ್ಲಿ ಜಾರಿಸಿ ನೋಡಿ, ಗೊತ್ತಾಗುತ್ತದೆ. ಕಾರಣ ಸರಿಮಾಡದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ, ದುಡ್ಡು ದಂಡ ಅಲ್ವಾ? ಪಿನ್‌ಗೆ ಬಿಸಿ ತಡೆಯುವ ಸಿಲಿಕಾನ್ ಗ್ರೀಸ್ ಹಚ್ಚಿ. ಸಾದಾ ಗ್ರೀಸ್ ತಾಗಿದರೆ ರಬ್ಬರ್ ಉಬ್ಬುತ್ತದೆ.

ಪ್ಯಾಡ್‌ನ ಬೆನ್ನಿನ ತಗಡು ಬಿಟ್ಟು ಘರ್ಷಣೆಯ ಪದರ 3 ಮಿ.ಮೀ.ಗೆ ಇಳಿದರೆ ಬದಲಿಸುವುದು ವಾಡಿಕೆ. ಎಡ-ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿ, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆ ಎಳೆಯಬಹುದು.

ಡಿಸ್ಕ್‌ನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರ್‌ನಲ್ಲಿ ನಾಲ್ಕೈದು ಕಡೆ ಅಳೆಯಿರಿ. ಅಂಚಿನಲ್ಲಿ ಏಣು ಎದ್ದಿರುತ್ತದೆ, ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಕನಿಷ್ಠಕ್ಕಿಂತ ತೆಳ್ಳಗಾದದ್ದನ್ನು ಲೇತ್‌ಗೆ ಕೊಡದೆ ಬದಲಿಸಿ. ಬ್ರೇಕ್ ತುಳಿದಾಗ ಪೆಡಲ್ ಅದುರುತ್ತಿದ್ದರೆ ದಪ್ಪ ಒಂದೇ ಸಮ ಇಲ್ಲ ಅಂತ ಅನುಮಾನಿಸಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಕುದಿದರೆ ಒಳಗೆ ಆವಿಯ ಗುಳ್ಳೆ ತುಂಬಿ ಪೆಡಲ್ ಮೆತ್ತಗಾಗುತ್ತದೆ.

ಹೊಸ ಪ್ಯಾಡ್ ಕೂರಿಸಲು ಪಿಸ್ಟನನ್ನು ಒಳಗೆ ಒತ್ತಿರುತ್ತೀರಿ. ಆದ್ದರಿಂದ ಜೋಡಿಸಿದ ಕೂಡಲೇ, ಗಾಡಿ ಕದಲಿಸುವ ಮುಂಚೆಯೇ, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ ತುಳಿತಗಳಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ.