ಮಾಯದ ಗಾಯಕ್ಕೆ ಬೆಳೆಸಿದ ಚರ್ಮ

ಚರ್ಮ ಬೆಳೆಸಬೇಕು ಅಂತ ಯಾರೂ ಹೊರಟಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಗ್ರೀನ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ರೈನ್‌ವಾಲ್ಡ್ ಇಲಿಯ ಗಡ್ಡೆಯೊಂದರ ಕೋಶಗಳನ್ನು ಬೆಳೆಸುತ್ತಿದ್ದರು. ತಟ್ಟೆಯಲ್ಲಿ ನೋಡಿದರೆ ಹೊರಚರ್ಮದಂಥ ಕೋಶಗಳು ಗುಂಪುಗಟ್ಟಿದ್ದವು. ಅವನ್ನು ಬೆಳೆಸಿದ ಉಪಾಯವೇ ಮನುಷ್ಯರ ಚರ್ಮಕ್ಕೂ ಹೊಂದಿತು. 1975ರಲ್ಲಿ ಅದನ್ನು ಪ್ರಕಟಿಸಿದರು.

ಮೊದಲು ಉಪಯೋಗಕ್ಕೆ ಬಂದದ್ದು ಸುಟ್ಟಗಾಯಕ್ಕೆ. 1983ರಲ್ಲಿ ವಯೋಮಿಂಗ್‌ನ ಇಬ್ಬರು ಪುಟ್ಟ ಅಣ್ಣತಮ್ಮಂದಿರ ಮೈ 95%ಕ್ಕಿಂತ ಜಾಸ್ತಿ ಸುಟ್ಟಿತ್ತು. ಬಾಸ್ಟನ್‌ನ ವೈದ್ಯರು ಅವರ ಕಂಕುಳಿನಿಂದ ಚರ್ಮದ ಸಣ್ಣ ಚೂರು ತೆಗೆದು, ಲ್ಯಾಬಿನಲ್ಲಿ ಹಾಳೆ ಹಾಳೆಯಾಗಿ ಬೆಳೆಸಿ ಮೈಗೆ ಹೊದಿಸಿದರು. ಇಬ್ಬರೂ ಉಳಿದರು. ಅದು ಅವರದೇ ಚರ್ಮ, ಹಾಗಾಗಿ ಮೈಯಲ್ಲೇ ನಿಂತಿತು.

ಶುಗರ್ ಇದ್ದವರ ಪಾದದ ಹುಣ್ಣಿನ ಕಥೆ ಬೇರೆ. ಅಲ್ಲಿ ಚರ್ಮದ ಕೊರತೆ ಇಲ್ಲ, ಗಾಯ ಮಾಯುವುದನ್ನೇ ಮರೆತಿರುತ್ತದೆ. ತಿಂಗಳುಗಟ್ಟಲೆ ಉರಿಯೂತದಲ್ಲೇ ಸಿಕ್ಕಿಬಿದ್ದಿರುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ಎಂಐಟಿಯ ಇನ್ನೊಬ್ಬ ವಿಜ್ಞಾನಿ ಯೂಜೀನ್ ಬೆಲ್. ಕೊಲಾಜೆನ್ ಎಂಬ ಪ್ರೋಟೀನಿನ ಲೋಳೆಯಲ್ಲಿ ಒಳಚರ್ಮದ ಕೋಶ, ಅದರ ಮೇಲೆ ಹೊರಚರ್ಮದ ಕೋಶ, ಹೀಗೆ ಎರಡು ಪದರ. ಇದರಿಂದ ಹುಟ್ಟಿದ್ದೇ ಆಪ್ಲಿಗ್ರಾಫ್ ಎಂಬ ಬೆಳೆಸಿದ ಚರ್ಮ. 1998ರಲ್ಲಿ ಕಾಲಿನ ರಕ್ತನಾಳದ ಹುಣ್ಣಿಗೆ, 2000ದಲ್ಲಿ ಮಧುಮೇಹದ ಪಾದದ ಹುಣ್ಣಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೋಶಗಳು ಎಲ್ಲಿಂದ ಅಂತೀರಾ? ಸುನ್ನತಿಯಲ್ಲಿ ತೆಗೆದ ಹಸುಗೂಸುಗಳ ಮುಂದೊಗಲಿನಿಂದ! ಸುಮಾರು ಏಳೂವರೆ ಸೆಂಟಿಮೀಟರ್ ಅಗಲದ ದುಂಡನೆ ಬಿಲ್ಲೆ ಅದು. ಜೀವ ಇರುವ ಸರಕು, ಕೆಲವೇ ದಿನಗಳಲ್ಲಿ ಬಳಸಬೇಕು. ಹುಣ್ಣಿನ ಸತ್ತ ಮಾಂಸ ಕೆರೆದು ತೆಗೆದು, ರಸ ಹೊರಹೋಗಲು ಬಿಲ್ಲೆಗೆ ಸಣ್ಣ ಸೀಳು ಹಾಕಿ ಕೂರಿಸುತ್ತಾರೆ.

ಸ್ವಾರಸ್ಯ ಇರುವುದು ಆಮೇಲೆ. ಕೆಲವು ವಾರ ಕಳೆದು ಹುಡುಕಿದರೆ ಆ ಮಗುವಿನ ಕೋಶಗಳ ಸುಳಿವೇ ಇರುವುದಿಲ್ಲ. ಅವು ಬೆಳವಣಿಗೆಯ ಪ್ರೋಟೀನುಗಳನ್ನು ಸುರಿಸಿ, ರೋಗಿಯದೇ ಕೋಶಗಳನ್ನು ಎಬ್ಬಿಸಿ ಹೋಗಿಬಿಟ್ಟಿರುತ್ತವೆ. ಚರ್ಮ ಅಂತ ಕರೆದರೂ ಕೆಲಸ ಮಾಡುವುದು ಔಷಧಿಯ ಹಾಗೆ.

ಹಾಗಂತ ಪವಾಡವೇನೂ ಅಲ್ಲ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ವಾರಕ್ಕೆ ಪಾದದ ಹುಣ್ಣು ಪೂರ್ತಿ ಮುಚ್ಚಿದ್ದು 56% ಜನರಲ್ಲಿ. ಬರೀ ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ನೆನೆಸಿದ ಬ್ಯಾಂಡೇಜ್ ಬಟ್ಟೆಯ ಡ್ರೆಸ್ಸಿಂಗ್ ಮಾಡಿಸಿಕೊಂಡವರಲ್ಲೂ 38% ಜನಕ್ಕೆ ವಾಸಿಯಾಗಿತ್ತು. ಈ ಎರಡನೇ ಅಂಕಿಯನ್ನು ಜಾಹೀರಾತಿನವರು ಎತ್ತಿ ಹೇಳುವುದಿಲ್ಲ ಬಿಡಿ. ಎರಡೂ ಗುಂಪಿನಲ್ಲಿ ಹುಣ್ಣನ್ನು ಸ್ವಚ್ಛ ಮಾಡಿ, ಪಾದದ ಮೇಲೆ ಭಾರ ಬೀಳದಂತೆ ನೋಡಿಕೊಂಡಿದ್ದರು. ವ್ಯಾಪಾರವೂ ಸುಲಭವಿರಲಿಲ್ಲ. ಇಂಥದ್ದೇ ಡರ್ಮಾಗ್ರಾಫ್ಟ್‌ಗೆ 2001ರಲ್ಲಿ ಒಪ್ಪಿಗೆ ಸಿಕ್ಕರೆ, ತಯಾರಿಸಿದ ಕಂಪನಿ ಮರುವರ್ಷವೇ ದಿವಾಳಿ ಎದ್ದಿತು.

ಹೀಗೆ ಪಾದದ ಮೇಲಿನ ಭಾರ ಇಳಿಸುವ ವಿದ್ಯೆಗೆ ನಮ್ಮ ಕಡೆಯ ನಂಟಿದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ನೋಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್, ಸ್ಪರ್ಶ ಕಳೆದುಕೊಂಡ ಪಾದಕ್ಕೆ ಪ್ಲಾಸ್ಟರ್ ಕಟ್ಟಿ ಹುಣ್ಣು ಮಾಯಿಸುವ ಕ್ರಮವನ್ನು ಆಮೇಲೆ ಅಮೆರಿಕದಲ್ಲಿ ಬಳಕೆಗೆ ತಂದರು. ಮಧುಮೇಹದ ಪಾದಕ್ಕೆ ಅಲ್ಲಿ ಈಗಲೂ ಅದನ್ನು ಕಟ್ಟುತ್ತಾರೆ. ಇಲ್ಲಿ ಶುಗರ್ ಇರುವವರು ಹಾಕಿಕೊಳ್ಳುವ ಎಂಸಿಆರ್ (ಮೆತ್ತನೆ ರಬ್ಬರಿನ) ಚಪ್ಪಲಿಯ ಕೆಲಸವೂ ಪಾದದ ಭಾರ ಹಂಚುವುದೇ.