ತಿಂಗಳ ಮೊದಲ ಶನಿವಾರ: ವಾರ್ಡ್ ಸಮಿತಿ ಬೆಳೆದು ಬಂದ ದಾರಿ

ಬೆಂಗಳೂರಲ್ಲಿ ಎಷ್ಟು ವಾರ್ಡ್ ಇದೆ ಅಂತ ಕೇಳಿದರೆ ತಟ್ಟನೆ ಹೇಳುವವರು ಈಗ ಕಡಿಮೆ. 198 ಇತ್ತು, 243 ಅಂದರು, ಆಮೇಲೆ 225 ಆಯಿತು, ಈಗ ಐದು ಪಾಲಿಕೆ ಸೇರಿ 369. ಇಷ್ಟೆಲ್ಲ ಬದಲಾದರೂ ನಮ್ಮ ಬೀದಿ ಚರಂಡಿಗೆ ಸುರಿದ ದುಡ್ಡಿನ ಲೆಕ್ಕ ಯಾರನ್ನು ಕೇಳಬೇಕು ಅನ್ನೋ ಪ್ರಶ್ನೆ ಇದ್ದಲ್ಲೇ ಇದೆ. ಕಾನೂನಿನ ಪ್ರಕಾರ ಅದನ್ನು ಕೇಳುವ ಜಾಗ ವಾರ್ಡ್ ಸಮಿತಿ.

ಈ ಸಮಿತಿಯ ಬೇರು ಸಂವಿಧಾನದ 74ನೇ ತಿದ್ದುಪಡಿಯಲ್ಲಿದೆ. 1993ರ ಜೂನ್‌ನಲ್ಲಿ ಅದು ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ನಗರದಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತಾಯಿತು. ಆದರೆ ಬೆಂಗಳೂರಿನಲ್ಲಿ ಮೊದಲು ಮಾಡಿದ್ದು ಕೆಲವು ವಾರ್ಡ್‌ಗಳನ್ನು ಸೇರಿಸಿ ಒಂದು ಸಮಿತಿ. ಲೆಕ್ಕ ಕೇಳುವ ಅಭ್ಯಾಸ ಬೆಳೆದದ್ದು ಅದರ ಹೊರಗೆ. ಸ್ಯಾಮ್ಯುಯೆಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ 90ರ ದಶಕದಲ್ಲಿ ಸರ್ಕಾರಿ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿತು. ಜನಾಗ್ರಹ ಅನ್ನೋ ನಾಗರಿಕ ಸಂಸ್ಥೆ 2001ರಲ್ಲಿ ಶುರುವಾಯಿತು. ಮರುವರ್ಷವೇ ಪಾಲಿಕೆ ತನ್ನ ಆದಾಯ, ಖರ್ಚನ್ನು ಮೂರು ತಿಂಗಳಿಗೊಮ್ಮೆ ಜನರ ಮುಂದಿಡಬೇಕು ಅನ್ನೋ ಅಭಿಯಾನ ನಡೆಯಿತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. 2006ರ ಕೊನೆಯಿಂದ 2010ರವರೆಗೆ ಚುನಾಯಿತ ಕೌನ್ಸಿಲ್ಲೇ ಇರಲಿಲ್ಲ.

ರಾಜ್ಯದ ಪಾಲಿಕೆ ಕಾಯ್ದೆಗೆ ಬಂದ 2011ರ ತಿದ್ದುಪಡಿಯಲ್ಲಿ ವಾರ್ಡಿಗೊಂದು ಸಮಿತಿ ಅಂತಾಯಿತು, ನಿಯಮ ಬರಲು 2016 ಆಯಿತು. ಈ ನಡುವೆ 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ನಿಮ್ಮ ಕಸ ನಮಗೆ ಬೇಡ ಅಂತ ಎದ್ದು ನಿಂತರು, ಇಲ್ಲಿ ಬೀದಿ ಬೀದಿಯಲ್ಲಿ ಕಸ ಕೊಳೆಯಿತು, ವಿಷಯ ಹೈಕೋರ್ಟಿಗೆ ಹೋಯಿತು. ವಾರ್ಡ್ ಸಮಿತಿ ಮಾಡಿ ಅಂತ ನ್ಯಾಯಾಲಯ ಮತ್ತೆ ಮತ್ತೆ ಹೇಳಬೇಕಾಯಿತು. ನಿಯಮದ ಪ್ರಕಾರ ಹತ್ತು ಸದಸ್ಯರು. ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ಅಧ್ಯಕ್ಷರು ಕಾರ್ಪೊರೇಟರ್. ಸಮಿತಿಯ ತೀರ್ಮಾನ ತಳ್ಳಿಹಾಕುವ ಅಧಿಕಾರವೂ ಅವರ ಕೈಯಲ್ಲೇ. ಆಪ್ತರನ್ನೇ ತುಂಬಿಕೊಂಡರು ಅನ್ನೋ ದೂರು ಆಗಲೇ ಶುರುವಾಗಿತ್ತು. ದೂರು ಸುಳ್ಳಾಗಿರಲಿಲ್ಲ.

ನಾನು ಹತ್ತಿರದಿಂದ ನೋಡಿದ್ದು ಇದರ ಮುಂದಿನ ಕಾಲವನ್ನು. 2016ರ ಅಕ್ಟೋಬರ್‌ನಲ್ಲಿ ಹೆಬ್ಬಾಳದ ಕಡೆಗೆ ಸರ್ಕಾರ ಕಟ್ಟಲು ಹೊರಟಿದ್ದ ಉಕ್ಕಿನ ಸೇತುವೆ ಬೇಡ ಅಂತ ಸಾವಿರಾರು ಜನ ಕೈ ಕೈ ಹಿಡಿದು ನಿಂತಿದ್ದರು, ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. ಅಲ್ಲಿ ನಿಂತವರಲ್ಲಿ ಹಲವರು ಆಮೇಲೆ ತಮ್ಮ ತಮ್ಮ ವಾರ್ಡಿನ ಸಮಿತಿ ಹುಡುಕಿಕೊಂಡು ಹೊರಟರು. 2018ರ ಕೊನೆಗೆ, ತಿಂಗಳ ಮೊದಲ ಶನಿವಾರ ಸಭೆ ಅಂತ ಪಾಲಿಕೆ ಗೊತ್ತು ಮಾಡಿತು. ದಿನ ಗೊತ್ತಾಗಿದ್ದೇ ದೊಡ್ಡ ಬಲ. ಅಲ್ಲಿವರೆಗೆ ಸಭೆ ಯಾವಾಗ ಅಂತ ಕೇಳೋದಕ್ಕೇ ಮೂರು ಸಲ ಅಲೆಯಬೇಕಿತ್ತು.

ನಮ್ಮ ವಾರ್ಡ್ ಕಚೇರಿಯಲ್ಲಿ ಇದ್ದದ್ದು ಎಂಟು ಕುರ್ಚಿ. ಉಳಿದವರು ಗೋಡೆಗೆ ಒರಗಿ ನಿಲ್ಲುತ್ತಿದ್ದೆವು. ಮೊದಲ ಸಭೆಗಳಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿ, ಎಂಜಿನಿಯರ್ ‘ನೋಡೋಣ’ ಅಂದು, ಚಹಾ ಕುಡಿದು ಮುಗಿಯುತ್ತಿತ್ತು. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಇದ್ದರು. ಅವರು ಒಂದು ದಿನ ನನಗೆ ಹೇಳಿದರು: ‘ನೋಡಮ್ಮ, ಅವರು ಇವತ್ತು ಹೇಳಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೆಸು. ಮುಂದಿನ ತಿಂಗಳು ಬಂದ ತಕ್ಷಣ ಅದನ್ನೇ ಓದು.’

ಓದಿದೆವು. ಹೊಸದಾಗಿ ಡಾಂಬರು ಹಾಕಿದ ಅಡ್ಡರಸ್ತೆಯೊಂದು ಮ್ಯಾನ್‌ಹೋಲ್ ಪಕ್ಕ ಕುಸಿದಿತ್ತು. ರಿಪೇರಿಗೆ ಹೊಸ ಎಸ್ಟಿಮೇಟ್ ಬೇಕು ಅಂದರು. ನಮ್ಮವರೊಬ್ಬರು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಕಾಮಗಾರಿಯ ಕಾಗದ ತೆಗೆಸಿದರು. ಅದರಲ್ಲಿ ಡಿಎಲ್‌ಪಿ, ಅಂದರೆ ಕೆಲಸ ಕೆಟ್ಟರೆ ಗುತ್ತಿಗೆದಾರನೇ ತನ್ನ ಖರ್ಚಲ್ಲಿ ಸರಿ ಮಾಡಿಕೊಡಬೇಕಾದ ಅವಧಿ, ಇನ್ನೂ ಮುಗಿದಿರಲಿಲ್ಲ. ಆ ಪುಟವನ್ನು ಮೇಜಿನ ಮೇಲಿಟ್ಟೆವು. ಯಾರೂ ದನಿ ಏರಿಸಲಿಲ್ಲ. ಮುಂದಿನ ಶನಿವಾರದೊಳಗೆ ಆ ಜಾಗ ಅಗೆದು ಮತ್ತೆ ಡಾಂಬರು ಹಾಕಿದ್ದರು, ಹೊಸ ಬಿಲ್ ಇಲ್ಲದೆ. ಒಂದು ಗುಂಡಿ ಅಷ್ಟೇ, ಆದರೆ ಆಮೇಲಿನ ಸಭೆಗಳಲ್ಲಿ ಎಂಜಿನಿಯರ್ ತಾವೇ ಫೈಲ್ ಹಿಡಿದು ಬರತೊಡಗಿದರು. ಮೊದಲು ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ ಹಿಂದಿನ ಬೀದಿಯ ಹೆಂಗಸರು ನೀರಿನ ವಿಷಯ ಎತ್ತಿದರು, ಅದನ್ನೂ ಬರೆಸಿದೆವು. ಇಂಥ ಕೆಲಸಕ್ಕೆ ಕಾನೂನು ಓದಿದವರೇ ಬೇಕು ಅಂತೇನಿಲ್ಲ, ಪ್ರತಿ ತಿಂಗಳು ತಪ್ಪದೆ ಬರುವವರು ಬೇಕು.

2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ಅಧ್ಯಕ್ಷರ ಕುರ್ಚಿಯಲ್ಲಿ ನೋಡಲ್ ಅಧಿಕಾರಿ, ಅಂದರೆ ವಾರ್ಡಿನ ಹೊಣೆ ಹೊರಿಸಿದ ಸರ್ಕಾರಿ ಅಧಿಕಾರಿ, ಕೂತರು. ಅವರಲ್ಲೂ ಒಳ್ಳೆಯವರಿದ್ದರು, ಆದರೆ ವರ್ಗ ಆಗಿ ಹೋದರೆ ಹೊಸಬರಿಗೆ ಮೊದಲಿಂದ ಹೇಳಬೇಕು. ಮತ ಕೇಳಲು ಮನೆಗೆ ಬರುವ ಅಗತ್ಯ ಅವರಿಗಿಲ್ಲವಲ್ಲ. ಗಡಿ, ಮೀಸಲಾತಿ, ಕೋರ್ಟು ಅಂತ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು, 2025ರ ಸೆಪ್ಟೆಂಬರ್‌ಗೆ ಐದು ವರ್ಷ ತುಂಬಿತು. ಒಂದು ಪೂರ್ತಿ ಅವಧಿ ಹೀಗೇ ಹೋಯಿತು ಅಂದರೆ ಸುಮ್ನೆ ಅಲ್ಲ ಅಲ್ವಾ? ಅದೇ ತಿಂಗಳು ಇಡೀ ನಗರಕ್ಕೆ ಒಂದೇ ಆಗಿದ್ದ ಪಾಲಿಕೆ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು.

ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿ ಇದೆ. ನಮ್ಮ ಹಳೆ ವಾರ್ಡ್ ಮಾತ್ರ ಎರಡಾಗಿದೆ. ಆ ಹಿರಿಯರು ಈಗ ಹಳೆ ನಡಾವಳಿಗಳ ಜೆರಾಕ್ಸ್ ಹರಡಿಕೊಂಡು, ಯಾವ ಅಡ್ಡರಸ್ತೆ ಯಾವ ವಾರ್ಡಿಗೆ ಹೋಯಿತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದಾರೆ. ಕಾಗದಗಳನ್ನು ಎರಡು ಫೈಲ್ ಮಾಡಿದ್ದಾರೆ.