ಹಳೆ ಫೋಟೊ ಹಿಡಿದು ಐರಿಶ್ ಹಿರಿಯರ ಹೆಸರು ಹುಡುಕುವುದು: ಅಧ್ಯಯನ ಟಿಪ್ಪಣಿ

ಹೆಸರು ಬರೆಯದ ಹಳೆ ಫೋಟೊದಲ್ಲಿ ಮೂರು ಬಗೆಯ ಸುಳಿವು ಇರುತ್ತದೆ. ಫೋಟೊ ಅಂಟಿಸಿದ ರಟ್ಟು ಹೇಳುವುದು ಆ ಪ್ರತಿ ಅಚ್ಚಾದ ಕಾಲ. ಉಡುಪು ಹೇಳುವುದು ಅವರು ಕ್ಯಾಮೆರಾ ಮುಂದೆ ಕೂತ ಕಾಲ. ಸ್ಟುಡಿಯೊ ವಿಳಾಸ ಹೇಳುವುದು ಅವರು ಹೋಗಿಬರುತ್ತಿದ್ದ ಪೇಟೆ. ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ. ಹೆಸರು ಸಿಗುವುದು ಇವನ್ನು ಜನಗಣತಿ ಮತ್ತು ಮದುವೆ ದಾಖಲೆಯ ಜೊತೆ ತಾಳೆ ಹಾಕಿದ ಮೇಲೆ. ಫೋಟೊದಲ್ಲಿ ಕಾಣುವ ವಯಸ್ಸನ್ನು ದಾಖಲೆಯ ವಯಸ್ಸಿಗೆ ಹೊಂದಿಸುವ ಲೆಕ್ಕದಲ್ಲೇ ಹೆಚ್ಚಿನವರು ಎಡವುತ್ತಾರೆ, ಹಾಗಾಗಿ ಆ ಭಾಗ ಇಲ್ಲಿ ಉದ್ದವಾಗಿದೆ.

ರಟ್ಟು ಮತ್ತು ಅಚ್ಚು

ಅಳತೆಪಟ್ಟಿ, ಭೂತಗನ್ನಡಿ, ಸಣ್ಣದೊಂದು ಅಯಸ್ಕಾಂತ ಇದ್ದರೆ ಸಾಕು. ಮುಂಬದಿ, ಹಿಂಬದಿ ಎರಡನ್ನೂ 600 ಡಿಪಿಐನಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಪ್ಪು-ಬಿಳುಪಿನಲ್ಲಿ ಮಾಡಿದರೆ ಹಿಂಬದಿಯ ಮಾಸಿದ ಪೆನ್ಸಿಲ್ ಬರಹ ಕಾಗದದ ಹಳದಿಯಲ್ಲಿ ಬೆರೆತುಹೋಗುತ್ತದೆ.

ಕನ್ನಡಿಯ ಹಾಗೆ ಹೊಳೆದು, ವಾಲಿಸಿದಾಗ ನೆಗೆಟಿವ್ ಆಗಿ ಕಾಣುವುದು ಡಾಗೆರೋಟೈಪ್. 1840, 50ರ ದಶಕದ್ದು. ಗಾಜಿನ ಮೇಲಿದ್ದರೆ ಆಂಬ್ರೋಟೈಪ್, 1850ರ ದಶಕದ ನಡುವಿನಿಂದ ಮುಂದೆ. ಅಯಸ್ಕಾಂತಕ್ಕೆ ಅಂಟಿದರೆ ಟಿನ್‌ಟೈಪ್, 1856ರ ನಂತರ. ಅಯಸ್ಕಾಂತವನ್ನು ಹಿಂಬದಿಗೇ ಹಿಡಿಯಬೇಕು, ನಡುವೆ ಕಾಗದ ಇಟ್ಟುಕೊಂಡು. ಟಿನ್‌ಟೈಪ್ ಅಮೆರಿಕದಲ್ಲಿ ಬಹಳ ಜನಪ್ರಿಯವಾಗಿತ್ತು. ಐರ್ಲೆಂಡಿನ ಮನೆಯಲ್ಲಿ ಅದು ಸಿಕ್ಕರೆ ವಲಸೆ ಹೋದವರು ಕಾಗದದ ಜೊತೆ ಕಳಿಸಿದ್ದಿರಬಹುದು ಎಂದು ಗುರುತು ಹಾಕಿಕೊಳ್ಳಿ. ಈ ಮೂರರಲ್ಲೂ ಚಿತ್ರ ಎಡ-ಬಲ ತಿರುಗಿರುವುದು ಸಾಮಾನ್ಯ. ಉಂಗುರ ಬಲಗೈಯಲ್ಲಿದೆ, ಗಂಡಸಿನ ಕೋಟಿನ ಗುಂಡಿ ಹೆಂಗಸರ ಉಡುಪಿನಂತೆ ಬಲ ಅಂಚು ಮೇಲೆ ಬಂದಿದೆ ಎಂದಾಗ ಗಾಬರಿಯಾಗಬೇಡಿ, ಸ್ಕ್ಯಾನನ್ನು ತಿರುಗಿಸಿ ನೋಡಿ.

ರಟ್ಟಿಗೆ ಅಂಟಿಸಿದ ಕಾಗದದ ಫೋಟೊಗಳೇ ಜಾಸ್ತಿ. ಸುಮಾರು 64×100 ಮಿ.ಮೀ. ಇದ್ದರೆ ಕಾರ್ತ್ ದ ವಿಸೀತ್, 1860ರಿಂದ ಈಚೆಗೆ. ಸುಮಾರು 108×165 ಮಿ.ಮೀ. ಇದ್ದರೆ ಕ್ಯಾಬಿನೆಟ್ ಕಾರ್ಡ್, 1866ರ ನಂತರ. ತೆಳು ರಟ್ಟು, ಚೂಪು ಮೂಲೆ 1860ರ ದಶಕದ ಲಕ್ಷಣ. ದುಂಡು ಮೂಲೆ 70ರ ದಶಕದಿಂದ. ದಪ್ಪ ರಟ್ಟು, ಓರೆಯಾಗಿ ಕತ್ತರಿಸಿ ಚಿನ್ನದ ಬಣ್ಣ ಹಚ್ಚಿದ ಅಂಚು 80ರ ದಶಕದಿಂದ. ಹಿಂಬದಿಯಲ್ಲಿ ಅಮೆರಿಕದ ತೆರಿಗೆ ಚೀಟಿ ಅಂಟಿದ್ದರೆ ಅದು ಬಂಗಾರದಂಥ ಸುಳಿವು: ಫೋಟೊ ಮೇಲೆ ಆ ತೆರಿಗೆ ಇದ್ದದ್ದು 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಮಾತ್ರ. ಪೋಸ್ಟ್‌ಕಾರ್ಡ್ ಫೋಟೊದ ಬೆನ್ನನ್ನು ಗೆರೆ ಎಳೆದು ವಿಳಾಸಕ್ಕೊಂದು, ಸಂದೇಶಕ್ಕೊಂದು ಭಾಗ ಮಾಡಿದ್ದರೆ ಐರ್ಲೆಂಡಿನಲ್ಲಿ 1902ರ ನಂತರದ್ದು, ಅಮೆರಿಕದಲ್ಲಿ 1907ರ ನಂತರದ್ದು. ಐರ್ಲೆಂಡಿನಲ್ಲಿ ಪೋಸ್ಟ್‌ಕಾರ್ಡಿಗೆ ಅರ್ಧ ಪೆನ್ನಿ ಅಂಚೆಚೀಟಿ 1918ರ ಜೂನ್‌ವರೆಗೆ ನಡೆಯಿತು, ಆಮೇಲೆ ಒಂದು ಪೆನ್ನಿ.

ರಟ್ಟು ಮತ್ತು ಉಡುಪು ಜಗಳವಾಡುವ ಸಂದರ್ಭ ಬರುತ್ತದೆ. 1890ರ ದಶಕದ ದಪ್ಪ ರಟ್ಟಿನ ಮೇಲೆ 1860ರ ದಶಕದ ಅಗಲ ಲಂಗದ ಹೆಂಗಸು! ಇದು ಹಳೆ ಫೋಟೊವನ್ನೇ ಮತ್ತೆ ಕ್ಯಾಮೆರಾದಲ್ಲಿ ಹಿಡಿದ ನಕಲು. ಭೂತಗನ್ನಡಿಯಲ್ಲಿ ಕಣ್ಣಿನ ಅಂಚು, ಕಸೂತಿಯ ಎಳೆ ಮಸುಕಾಗಿರುತ್ತವೆ; ಕೆಲವೊಮ್ಮೆ ಮೂಲ ಕಾರ್ಡಿನ ಅಂಚು ಅಥವಾ ಗೀರು ಚಿತ್ರದೊಳಗೇ ಕಾಣುತ್ತದೆ. ಇಲ್ಲಿ ಕಾಲಕ್ಕೆ ಉಡುಪನ್ನು ನಂಬಿ. ರಟ್ಟಿನ ಸ್ಟುಡಿಯೊ ಹೇಳುವುದು ನಕಲು ಮಾಡಿಸಿದವರ ಊರನ್ನು. ಅದು ಮಗಳ ಗಂಡನ ಮನೆಯ ಊರೂ ಆಗಿರಬಹುದು, ಬಾಸ್ಟನ್ನೂ ಆಗಿರಬಹುದು.

ಉಡುಪು

ಫೋಟೊದಲ್ಲಿರುವ ಅತಿ ಕಿರಿಯ ವಯಸ್ಕ ಹೆಂಗಸಿನ ತೋಳು ನೋಡಿ ಕಾಲ ಕಟ್ಟಿ. ಅಜ್ಜಿಯರು ಇಪ್ಪತ್ತು ವರ್ಷ ಹಳೆಯ ಉಡುಪು ಹಾಕಿರುತ್ತಾರೆ. 1890ರ ಸುಮಾರಿಗೆ ಹೆಗಲ ಮೇಲೆ ಸಣ್ಣದೊಂದು ಉಬ್ಬು. 1895–96ರಲ್ಲಿ ಅದು ಹಿಗ್ಗಿ ಬಲೂನಿನಷ್ಟು. 1898ರ ಹೊತ್ತಿಗೆ ಮತ್ತೆ ಬಿಗಿ ತೋಳು. 1900ರ ನಂತರ ರವಿಕೆಯ ಮುಂಭಾಗ ಸೊಂಟದ ಮೇಲೆ ಜೋತುಬೀಳುತ್ತದೆ. ಐರ್ಲೆಂಡಿನ ಪಶ್ಚಿಮದ ಹಳ್ಳಿಗಳ ಶಾಲು, ಫ್ಲಾನೆಲ್ ಲಂಗ ದಶಕಗಳ ಕಾಲ ಬದಲಾಗಲಿಲ್ಲ, ಅಲ್ಲಿ ಈ ಲೆಕ್ಕ ನಡೆಯದು.

ಕೂದಲಿನ ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ. ಆ ಕಾಲದ ಫೋಟೊ ಪ್ಲೇಟುಗಳು ಕೆಂಪು ಬಣ್ಣವನ್ನು ಸರಿಯಾಗಿ ಗ್ರಹಿಸುತ್ತಿರಲಿಲ್ಲ, ನೀಲಿಯನ್ನು ಬೇಗ ಹಿಡಿಯುತ್ತಿದ್ದವು. ಹಾಗಾಗಿ ಕೆಂಗೂದಲು ಕಪ್ಪಾಗಿ, ನೀಲಿ ಕಣ್ಣು ಬಿಳಿಚಿಕೊಂಡು, ಮುಖದ ಮೇಲಿನ ಚುಕ್ಕೆಗಳು ಇರುವುದಕ್ಕಿಂತ ಎದ್ದು ಕಾಣುತ್ತವೆ.

ವಿಳಾಸ

ಡಬ್ಲಿನ್ ಸ್ಟುಡಿಯೊಗಳಿಗೆ ಥಾಮ್ಸ್ ಡೈರೆಕ್ಟರಿ ಎಂಬ ವಿಳಾಸ ಪುಸ್ತಕ 1844ರಿಂದ ವರ್ಷವರ್ಷವೂ ಇದೆ. ಬೇರೆ ಊರುಗಳಿಗೆ ಸ್ಲೇಟರ್ ಡೈರೆಕ್ಟರಿ: 1846, 1856, 1870, 1881, 1894. ಸ್ಟುಡಿಯೊ ಆ ವಿಳಾಸದಲ್ಲಿ ಮೊದಲು ಕಂಡ ವರ್ಷ, ಕೊನೆಗೆ ಕಂಡ ವರ್ಷ ಬರೆದುಕೊಳ್ಳಿ. ಡೈರೆಕ್ಟರಿಯ ಮಾಹಿತಿ ಹಿಂದಿನ ವರ್ಷ ಸೇರಿಸಿದ್ದು, ಎರಡೂ ತುದಿಗೆ ಒಂದು ವರ್ಷ ಸಡಿಲ ಬಿಡಿ. ಊರಿನ ಹೆಸರೂ ಕಾಲ ಹೇಳುತ್ತದೆ. ಕಿಂಗ್ಸ್‌ಟೌನ್ ಎಂದಿದ್ದರೆ ಅದು ಡನ್ ಲೀರಿ ಆಗುವ ಮೊದಲಿನದು, ಕ್ವೀನ್ಸ್‌ಟೌನ್ ಎಂದಿದ್ದರೆ ಕೋವ್ ಎಂಬ ಹೆಸರು ಮರಳುವ ಮೊದಲಿನದು. ಎರಡೂ ಬದಲಾದದ್ದು 1920ರ ಆಸುಪಾಸಿನಲ್ಲಿ. ಸ್ಯಾಕ್‌ವಿಲ್ ಸ್ಟ್ರೀಟ್ ಅಧಿಕೃತವಾಗಿ ಓಕಾನಲ್ ಸ್ಟ್ರೀಟ್ ಆದದ್ದು 1924ರಲ್ಲಿ.

ನೆಗೆಟಿವ್ ಉಳಿದಿದೆಯೇ ಎಂದು ನೋಡುವ ಮೊದಲು ಸ್ಟುಡಿಯೊದ ಕತೆ ತಿಳಿದುಕೊಳ್ಳಿ. ಸ್ಯಾಕ್‌ವಿಲ್ ಸ್ಟ್ರೀಟಿನ ವಿಲಿಯಂ ಲಾರೆನ್ಸ್ ಸ್ಟುಡಿಯೊದ ವ್ಯಕ್ತಿಚಿತ್ರಗಳ ನೆಗೆಟಿವ್‌ಗಳು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ 1916ರ ಈಸ್ಟರ್ ದಂಗೆಯಲ್ಲಿ ನಾಶವಾದವು. ಬೇರೆ ಕಡೆ ಇಟ್ಟಿದ್ದ ಊರು-ಬೀದಿಗಳ ಪ್ಲೇಟುಗಳಷ್ಟೇ ಉಳಿದವು. ವಾಟರ್‌ಫರ್ಡಿನ ಪೂಲ್ ಸ್ಟುಡಿಯೊದ್ದು ಇದಕ್ಕೆ ತದ್ವಿರುದ್ಧ: 1884ರಿಂದ 1954ರವರೆಗಿನ ಹತ್ತಾರು ಸಾವಿರ ಗಾಜಿನ ನೆಗೆಟಿವ್‌ಗಳು ಡಬ್ಲಿನ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅಲ್ಲಿ ಸಿಗುವ ಹೆಸರು ಫೋಟೊ ಮಾಡಿಸಿದವರದು. ಫೋಟೊದಲ್ಲಿ ಕೂತವರು ಅವರೇ ಆಗಬೇಕಿಲ್ಲ.

ಸ್ಟುಡಿಯೊ ಊರನ್ನೇ ಸ್ವಂತ ಊರು ಎಂದುಕೊಳ್ಳಬೇಡಿ. ವಾಟರ್‌ಫರ್ಡ್ ಪೇಟೆಗೆ ಶೂರ್ ನದಿಯ ಆಚೆ ದಡದ ಕಿಲ್‌ಕೆನ್ನಿ ಜಿಲ್ಲೆಯವರೂ ಬರುತ್ತಿದ್ದರು. ಜನನ, ಮದುವೆ, ಮರಣ ಬರೆಸುವ ನೋಂದಣಿ ವಲಯಗಳೂ ಜಿಲ್ಲೆಯ ಗಡಿ ಪಾಲಿಸುವುದಿಲ್ಲ: ಕ್ಯಾರಿಕ್-ಆನ್-ಶೂರ್ ವಲಯದಲ್ಲಿ ಟಿಪ್ಪರೆರಿ, ವಾಟರ್‌ಫರ್ಡ್, ಕಿಲ್‌ಕೆನ್ನಿ ಮೂರೂ ಜಿಲ್ಲೆಯ ಹಳ್ಳಿಗಳಿವೆ. ಹುಡುಕುವಾಗ ಜಿಲ್ಲೆಯ ಹೆಸರಿನ ಬದಲು ವಲಯದ ಹೆಸರು ಹಾಕಿ.

ವಯಸ್ಸಿನ ಲೆಕ್ಕ

1922ಕ್ಕೆ ಮೊದಲಿನ ಜನಗಣತಿಗಳಲ್ಲಿ ಪೂರ್ತಿ ಉಳಿದಿರುವುದು ಎರಡೇ: 1901ರ ಮಾರ್ಚ್ 31ರದು, 1911ರ ಏಪ್ರಿಲ್ 2ರದು. 1861, 1871ರವನ್ನು ಸರಕಾರವೇ ನಾಶ ಮಾಡಿತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. 1821ರಿಂದ 1851ರವರೆಗಿನವು 1922ರಲ್ಲಿ ದಾಖಲೆ ಕಚೇರಿಯಿದ್ದ ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. ಹಾಗಾಗಿ ಎಲ್ಲರೂ ಫೋಟೊದಲ್ಲಿನ ವಯಸ್ಸನ್ನು ಈ ಎರಡು ಗಣತಿಗೆ ಹೊಂದಿಸಲು ಹೋಗುತ್ತಾರೆ. ಲೆಕ್ಕ ಕೂಡುವುದೇ ಇಲ್ಲ.

ಕಾರಣ ಇದು. 1908ರ ಕಾಯ್ದೆಯಂತೆ 1909ರ ಜನವರಿಯಿಂದ 70 ದಾಟಿದವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಬರತೊಡಗಿತು. ಎಲ್ಲರ ಜನನವನ್ನೂ ಸರಕಾರ ನೋಂದಾಯಿಸಲು ಶುರುಮಾಡಿದ್ದು 1864ರ ಜನವರಿ 1ರಿಂದ, ಅಂದರೆ ಆಗ 70 ಆದವರ ಬಳಿ ಜನನ ಪತ್ರವೇ ಇಲ್ಲ. ಹಾಗಾಗಿ ಪಿಂಚಣಿಗಾಗಿ ವಯಸ್ಸು ಏರಿಸಿ ಹೇಳಿದರು: 1901ರಲ್ಲಿ 54 ಎಂದವರು 1911ರಲ್ಲಿ 70 ಎನ್ನುವುದು ಮಾಮೂಲು. 1901ರಲ್ಲಿ ಹೇಳಿದ್ದೂ ಅಂದಾಜೇ. 40, 50, 60 ಎಂಬ ಪೂರ್ಣಾಂಕಗಳು ಅಲ್ಲಿ ಬೇಕಾದಷ್ಟು. ಈಗ ನೋಡಿ: ಅಂಥ ಹೆಂಗಸು 1901ರ ಪ್ರಕಾರ ಸುಮಾರು 1847ರಲ್ಲಿ ಹುಟ್ಟಿದವಳು, 1911ರ ಪ್ರಕಾರ ಸುಮಾರು 1841ರಲ್ಲಿ. 1871ರ ಕಾರ್ಡಿನಲ್ಲಿ ಅವಳು 24ರವಳೋ 30ರವಳೋ? ಅಷ್ಟರಲ್ಲಿ ಅಕ್ಕ ತಂಗಿಯರು ಅದಲು ಬದಲಾಗಿಬಿಡುತ್ತಾರೆ.

ಪಾರಾಗುವ ದಾರಿ: ದೊಡ್ಡವರ ವಯಸ್ಸು ಬಿಟ್ಟು ಮಕ್ಕಳ ನಡುವಿನ ಅಂತರ ಹಿಡಿಯಿರಿ. ಹತ್ತು ವರ್ಷದೊಳಗಿನ ಮಕ್ಕಳ ವಯಸ್ಸಿನಲ್ಲಿ ತಪ್ಪು ಕಡಿಮೆ. ಫೋಟೊದ ವರ್ಷ ಗೊತ್ತಿಲ್ಲದಿದ್ದರೂ ಅಂತರ ಬದಲಾಗುವುದಿಲ್ಲ. ಉದಾಹರಣೆಗೆ ಒಂದು ಕ್ಯಾಬಿನೆಟ್ ಕಾರ್ಡ್, ವಾಟರ್‌ಫರ್ಡ್ ಸ್ಟುಡಿಯೊ, ತಾಯಿಯ ರವಿಕೆ 1900–1905ರ ಬಗೆಯದು. ಮಕ್ಕಳು ಮೂವರು: ಸುಮಾರು 5ರ ಹುಡುಗಿ, 3ರ ಹುಡುಗ, 1ರ ಕೂಸು. 1911ರಲ್ಲಿ ಈ ಮಕ್ಕಳು 14, 12, 10 ಇರಬಹುದು. 12, 10, 8 ಕೂಡ ಆಗಬಹುದು. ಹುಡುಕಬೇಕಾದದ್ದು 'ಹುಡುಗಿ, ಎರಡು ವರ್ಷ, ಹುಡುಗ, ಎರಡು ವರ್ಷ, ಇನ್ನೊಂದು ಮಗು' ಎಂಬ ಸರಣಿ. ಸಂಶಯದ ಮನೆತನಗಳ 1911ರ ಫಾರಂ ಒಂದೊಂದಾಗಿ ತೆಗೆದು ಈ ಸರಣಿ ಇದೆಯೇ ನೋಡಿ. ಸಿಕ್ಕರೆ ಆ ಕೂಸಿನ ಜನನ ದಾಖಲೆ ತೆಗೆಯಿರಿ, ಐರಿಶ್‌ಜೀನಿಯಾಲಜಿ ಎಂಬ ಸರಕಾರಿ ತಾಣದಲ್ಲಿ ಪುಟದ ಚಿತ್ರವೇ ಉಚಿತ. ಕೂಸಿನ ಜನ್ಮದಿನಕ್ಕೆ ಒಂದು ವರ್ಷ ಸೇರಿಸಿದರೆ ಫೋಟೊದ ವರ್ಷ ಬಂತು. ಅಂದರೆ ಕಾಲ ತಿಳಿದು ಕುಟುಂಬ ಹುಡುಕುವುದಲ್ಲ, ಕುಟುಂಬ ಸಿಕ್ಕಮೇಲೆ ಕಾಲ ಬಿಗಿಯಾಗುವುದು. ಚರ್ಚಿನಲ್ಲಿ ಮಗುವಿಗೆ ದೀಕ್ಷೆ ಕೊಟ್ಟ ಬ್ಯಾಪ್ಟಿಸಂ ದಿನ ಜನನ ದಿನಕ್ಕಿಂತ ಮೊದಲಿದ್ದರೆ ಬೇರೆ ಮಗು ಎಂದು ಕೈಬಿಡಬೇಡಿ. ನೋಂದಣಿ ತಡವಾದರೆ ದಂಡ ಬೀಳುತ್ತಿದ್ದುದರಿಂದ ಜನನ ದಿನವನ್ನೇ ಮುಂದೆ ತಳ್ಳಿ ಬರೆಸುತ್ತಿದ್ದರು. ಚರ್ಚಿನ ದಿನವನ್ನೇ ನಂಬಿ.

ಇಲ್ಲೊಂದು ದೊಡ್ಡ ಹಳ್ಳ: ಲಂಗ ಹಾಕಿದ ಮಗು ಹುಡುಗಿಯೇ ಆಗಬೇಕಿಲ್ಲ. ಪೇಟೆಯಲ್ಲೂ ನಾಲ್ಕೈದು ವರ್ಷದವರೆಗೆ ಗಂಡುಮಕ್ಕಳಿಗೆ ಲಂಗವೇ. ಪಶ್ಚಿಮ ಕರಾವಳಿಯ ಕಾನೆಮಾರಾ, ಆರಾನ್ ದ್ವೀಪಗಳ ಕಡೆ ಹತ್ತು ದಾಟಿದ ಹುಡುಗರೂ ಲಂಗದಲ್ಲಿರುವ ಫೋಟೊಗಳಿವೆ. ಬೈತಲೆ ನೋಡಿ: ಪಕ್ಕದ ಬೈತಲೆ ಸಾಮಾನ್ಯವಾಗಿ ಹುಡುಗ, ನಡುಬೈತಲೆ ಹುಡುಗಿ. ಆದರೂ ಸರಣಿ ಹುಡುಕುವಾಗ ಸಣ್ಣ ಮಕ್ಕಳ ಲಿಂಗವನ್ನು ಖಾಲಿ ಬಿಡುವುದೇ ಕ್ಷೇಮ.

1911ರ ಫಾರಂನಲ್ಲಿ ಇನ್ನೊಂದು ಕಾಲಂ ಇದೆ, ಮದುವೆ ಫೋಟೊಗೆ ಅದೇ ಬೀಗದ ಕೈ: ಮದುವೆಯಾಗಿ ಪೂರ್ತಿಯಾದ ವರ್ಷಗಳು, ಹುಟ್ಟಿದ ಮಕ್ಕಳು, ಬದುಕಿರುವ ಮಕ್ಕಳು. 15 ಎಂದಿದ್ದರೆ ಮದುವೆ 1895ರ ಏಪ್ರಿಲ್ 3ರಿಂದ 1896ರ ಏಪ್ರಿಲ್ 2ರ ಒಳಗೆ. ಬಲೂನು ತೋಳಿನ ವಧುವಿಗೆ ಸರಿಹೊಂದುವ ಕಾಲ. ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತದ ಕಾಲದಲ್ಲಿ ಕ್ಯಾಥೊಲಿಕ್ ಮದುವೆ ಅಪರೂಪ, ಹಳ್ಳಿಯವರು ಲೆಂಟ್‌ಗೆ ಮುಂಚಿನ ವಾರಗಳಲ್ಲೇ ಮದುವೆ ಮುಗಿಸುತ್ತಿದ್ದರು; 1896ರಲ್ಲಿ ಲೆಂಟ್‌ಗೆ ಮುಂಚಿನ ಮಂಗಳವಾರ ಫೆಬ್ರವರಿ 18. ಹಾಗಾಗಿ ಜನವರಿ, ಫೆಬ್ರವರಿಯಿಂದ ಹುಡುಕಾಟ ಶುರುಮಾಡಿ. ಮದುವೆ ನಡೆಯುತ್ತಿದ್ದುದು ಸಾಮಾನ್ಯವಾಗಿ ಹುಡುಗಿಯ ಪ್ಯಾರಿಷ್‌ನಲ್ಲಿ, ಅಂದರೆ ಅವಳ ಚರ್ಚಿನ ವ್ಯಾಪ್ತಿಯಲ್ಲಿ, ವಲಯ ಅವಳ ಕಡೆಯದೇ ಹಾಕಿ. ಆ ದಾಖಲೆಯಲ್ಲಿ ಇಬ್ಬರ ಅಪ್ಪಂದಿರ ಹೆಸರು, ಕಸುಬು, ಮತ್ತು ನಮಗೆ ಬೇಕಾದ ಟೌನ್‌ಲ್ಯಾಂಡ್ (ಹಳ್ಳಿಗಾಡಿನ ಅತಿ ಸಣ್ಣ ಭೂವಿಭಾಗ) ಇರುತ್ತದೆ. ವಿಧವೆಯರು ಈ ಕಾಲಂ ತುಂಬಿದ್ದರೆ ಗಣತಿಯವರು ಗೀಟು ಹಾಕಿದ್ದಾರೆ, ಗೀಟಿನ ಕೆಳಗಿನ ಅಂಕಿ ಓದಲು ಬರುತ್ತದೆ.

ಪಿಂಚಣಿಯಿಂದ ಒಂದು ಉಪಕಾರವೂ ಆಯಿತು. ವಯಸ್ಸು ರುಜುವಾತು ಮಾಡಲು 1841, 1851ರ ಗಣತಿ ಪುಟ ಹುಡುಕಿಸಿಕೊಂಡ ಅರ್ಜಿಗಳು ಉಳಿದಿವೆ, ರಾಷ್ಟ್ರೀಯ ದಾಖಲೆ ಭಂಡಾರದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸುಟ್ಟುಹೋದ ಗಣತಿಯ ಕುಟುಂಬಗಳು ಅಲ್ಲಿ ಅಪ್ಪ, ಅಮ್ಮ, ಊರಿನ ಹೆಸರಿನ ಸಮೇತ ಸಿಗಬಹುದು.

ಮೊದಲ ಕಮ್ಯೂನಿಯನ್

ಬಿಳಿ ಉಡುಪು, ತಲೆಗೆ ತೆಳು ಮುಸುಕು, ಕೈಯಲ್ಲಿ ಜಪಮಾಲೆ ಹಿಡಿದ ಹುಡುಗಿಯ ಫೋಟೊ ಸಿಕ್ಕರೆ ಖುಷಿಪಡಿ. 1910ರ ಆಗಸ್ಟ್‌ನಲ್ಲಿ ಪೋಪ್ ಹತ್ತನೇ ಪಯಸ್ ಮೊದಲ ಕಮ್ಯೂನಿಯನ್‌ನ, ಅಂದರೆ ಕ್ಯಾಥೊಲಿಕ್ ಮಕ್ಕಳು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ, ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದರು. ಅದಕ್ಕೂ ಮೊದಲು ಹತ್ತು, ಹನ್ನೆರಡು ಆಗಬೇಕಿತ್ತು. ಹುಡುಗಿ ಹನ್ನೊಂದರವಳಂತಿದ್ದರೆ 1910ಕ್ಕೆ ಹಿಂದಿನದು, ಏಳರವಳಂತಿದ್ದರೆ ಆಮೇಲಿನದು. ದೊಡ್ಡ ಹುಡುಗಿಯ ಫೋಟೊ ಕನ್ಫರ್ಮೇಶನ್ ಎಂಬ ದೃಢೀಕರಣ ಸಂಸ್ಕಾರದ್ದೂ ಆಗಿರಬಹುದು, ಆ ಒಂದು ಎಚ್ಚರ ಇರಲಿ. ಗಂಡಸರ ಕೋಟಿನ ಮೇಲೆ ಪಯೋನಿಯರ್ ಎಂಬ ಮದ್ಯತ್ಯಾಗಿಗಳ ಸಂಘದ ಪಿನ್ ಇದ್ದರೆ 1898ರ ನಂತರದ್ದು.

ಸಮವಸ್ತ್ರ, ಮತ್ತು ಬೆಂಗಳೂರಿನ ಕೊಂಡಿ

ರಾಯಲ್ ಐರಿಶ್ ಕಾನ್‌ಸ್ಟ್ಯಾಬ್ಯುಲರಿ ಪೊಲೀಸರನ್ನು ಸ್ವಂತ ಜಿಲ್ಲೆಗೂ ಹೆಂಡತಿಯ ಜಿಲ್ಲೆಗೂ ಹಾಕುತ್ತಿರಲಿಲ್ಲ. ಟ್ರಲೀ ಊರಿನ ಸ್ಟುಡಿಯೊದಲ್ಲಿ ತೆಗೆಸಿಕೊಂಡ ಪೊಲೀಸ್ ಎಂದರೆ ಕೆರಿ ಜಿಲ್ಲೆಯನ್ನು ಪಟ್ಟಿಯಿಂದ ಹೊಡೆದುಹಾಕಿ. ಅವರ ಸೇವಾ ದಾಖಲೆ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಲಯದ ಎಚ್‌ಒ 184 ಸರಣಿಯಲ್ಲಿದೆ.

ಸೈನಿಕರಾದರೆ ಟೋಪಿಯ ಬಿಲ್ಲೆ ನೋಡಿ. ಉರಿಯುವ ಗ್ರೆನೇಡಿನ ಮೇಲೆ ಹುಲಿ ಮಾತ್ರ ಇದ್ದರೆ ರಾಯಲ್ ಮನ್‌ಸ್ಟರ್ ಫ್ಯುಸಿಲಿಯರ್ಸ್. ಹುಲಿ, ಆನೆ ಎರಡೂ ಇದ್ದರೆ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್. ಆ ಪ್ರಾಣಿಗಳು ಬಂದದ್ದು ಭಾರತದಿಂದಲೇ: ಮೊದಲನೆಯದರ ಮೂಲ ಕಂಪನಿ ಸರಕಾರದ ಬಂಗಾಳದ ಯುರೋಪಿಯನ್ ಪಡೆಗಳು, ಎರಡನೆಯದರದು ಮದ್ರಾಸ್, ಬೊಂಬಾಯಿಯ ಪಡೆಗಳು. ಎರಡಕ್ಕೂ ಈ ಹೆಸರು ಬಂದದ್ದು 1881ರಲ್ಲಿ, ವಿಸರ್ಜನೆಯಾದದ್ದು 1922ರಲ್ಲಿ.

ಕಾರ್ಡಿನ ಕೆಳಗೆ ಬೆಂಗಳೂರು ಎಂದು ಅಚ್ಚಾಗಿದ್ದರೆ ದಂಡು ಪ್ರದೇಶದ ಸೈನಿಕನ ಫೋಟೊ ಇರಬಹುದು. ಬೆಂಗಳೂರು, ಕೋಲಾರದ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಐರಿಶ್ ಅಜ್ಜನ ಬೇರು ಹುಡುಕುವವರಿಗೂ ಇದೇ ದಾರಿ. ಮೊದಲು ಬಿಲ್ಲೆಯಿಂದ ರೆಜಿಮೆಂಟು. ಆಮೇಲೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಸರಣಿ, ಅಂದರೆ ಮದ್ರಾಸ್ ಪ್ರಾಂತ್ಯದ ಬ್ಯಾಪ್ಟಿಸಂ, ಮದುವೆ, ಸಮಾಧಿ ಪಟ್ಟಿಗಳು. ಮದುವೆ ನಮೂದಿನಲ್ಲಿ ಅಪ್ಪನ ಹೆಸರು ಸಿಗುತ್ತದೆ, ಹಳ್ಳಿ ಸಿಗುವುದಿಲ್ಲ. ಹಳ್ಳಿಗೆ ಸೇನೆಯ ಡಬ್ಲ್ಯುಒ 97 ಸರಣಿ ತೆರೆಯಬೇಕು, 1913ರವರೆಗಿನ ಪಿಂಚಣಿ ಸೈನಿಕರ ಕಾಗದಗಳು. ಸೇರುವಾಗ ಬರೆಸಿದ ಫಾರಂನಲ್ಲಿ 'ಇಂಥ ಪ್ಯಾರಿಷ್, ಇಂಥ ಊರಿನ ಬಳಿ, ಇಂಥ ಜಿಲ್ಲೆ' ಎಂದು ಮೂರು ಖಾಲಿ ಜಾಗಗಳಿರುತ್ತವೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಹೆಸರನ್ನು ಗಟ್ಟಿಯಾಗಿ ಓದಿ, ಐರ್ಲೆಂಡಿನ ಸ್ಥಳನಾಮ ಕೋಶದಲ್ಲಿ ಅದೇ ಉಚ್ಚಾರಣೆಯ ಪ್ಯಾರಿಷ್ ಆ ಊರಿನ ಸುತ್ತ ಯಾವುದಿದೆ ನೋಡಿ. ಪ್ಯಾರಿಷ್ ಖಚಿತವಾದ ಮೇಲೆ 1880ರವರೆಗಿನ ಕ್ಯಾಥೊಲಿಕ್ ರಿಜಿಸ್ಟರುಗಳು ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಪುಟಪುಟವಾಗಿ ಉಚಿತ.